ಗುಂಡು ತಪ್ಪಿದಾಗಿನ ಮುಖ

ಗಾಳಿ ಬಂತು, ಕಾಯಿ ಅಲ್ಲಾಡಿತು, ಅಯ್ಯೋ ನಿಲ್ಲೇ ಮಾರಾಯ್ತಿ ಎನ್ನುತ್ತಾ ತುಂಗಾ ಕೋವಿಗೆ ಕೆನ್ನೆಯೊತ್ತಿದಳು — ಪೊನ್ನಂಪೇಟೆಯ ಮೈದಾನ, ಕೊಡಗಿನ ಆಯುಧಹಬ್ಬ ಕೈಲ್ ಮುಹೂರ್ತದ ಪಂದ್ಯ, ಮರದ ತುದಿಗೆ ಕಟ್ಟಿದ ತೆಂಗಿನಕಾಯಿ, ಒಬ್ಬೊಬ್ಬರಿಗೆ ಒಂದೇ ಗುಂಡು. ಗುರಿ ನನ್ನದು, ಗಾಳಿ ನನ್ನದಲ್ಲ. ಕಾಲೇಜಿನಲ್ಲಿ ಸ್ಟೋಯಿಕ್ ತತ್ವದ ಪಾಠ ಮಾಡುವಾಗಲೆಲ್ಲ ತಾನೇ ಹೇಳುವ ಮಾತು, ಕೈಯಲ್ಲಿರುವುದನ್ನು ಚೆನ್ನಾಗಿ ಮಾಡಿ, ಕೈಬಿಟ್ಟು ಹೋದದ್ದಕ್ಕೆ ಕೊರಗಬೇಡಿ, ಮಕ್ಕಳು ಬರೆದುಕೊಳ್ಳುತ್ತಾರೆ, ಮೇಡಂ ಮಾತ್ರ ಹೋದ ವರ್ಷ ಗುಂಡು ತಪ್ಪಿದ್ದಕ್ಕೆ ಮುಖ ಊದಿಸಿಕೊಂಡು ಸಾರಿಗೆ ಉಪ್ಪು ಹಾಕುವುದನ್ನೂ ಮರೆತಿದ್ದರು. ದೇವಸ್ಥಾನದಲ್ಲಿ ದಿನವೂ ಕಾಯಿ ಒಡೆಯುವ ಗಂಡ ಅನಂತಕೃಷ್ಣ ಆ ಸಾರುಂಡು ನಕ್ಕಿದ್ದ, ಕಾಯಿ ಒಡೆಯಕ್ಕೆ ಕಲ್ಲು ಸಾಲ್ದೇನೇ, ನಿನ್ ತತ್ವ ಎಲ್ಲಿಗ್ ಹೋಯ್ತು? ಈ ಸಲ ನೋಡಿ, ತಪ್ಪಿದ್ರೂ ನಗ್ತಾನೇ ಬರ್ತೀನಿ ಎಂದು ಮಾತು ಕೊಟ್ಟಾಗಿದೆ, ವರ್ಷವಿಡೀ ಅದೇ ಅಭ್ಯಾಸ, ಬಸ್ಸು ತಪ್ಪಿದರೆ ನಗು, ಹಾಲು ಉಕ್ಕಿದರೆ ನಗು — ಕೋವಿ ಕೊಟ್ಟ ಗೆಳತಿ ದೇಚಮ್ಮ ಬೆನ್ನ ಹಿಂದಿನಿಂದ, ಉಸಿರು ಹಿಡ್ಕೊ ತುಂಗಾ, ಯೋಚ್ನೆ ಮಾಡ್ಬೇಡ — ಯೋಚನೆ ಮಾಡಬಾರದಂತೆ, ತತ್ವಶಾಸ್ತ್ರದವಳು! ಕಾಯಿ ನಿಂತಿತು. ಕೋವಿಯ ಕುದುರೆ ಎಳೆದಳು.

ಢಮ್ ಎಂದಿತು, ಹೆಗಲಿಗೆ ಗುದ್ದಿತು, ಮದ್ದಿನ ವಾಸನೆ, ಕಾಯಿ ಇದ್ದಲ್ಲೇ ಇದೆ, ತಪ್ಪಿತು, ಹಾಗಾದರೆ ತಪ್ಪಿತು — ಎದೆಯೊಳಗೆ ಹುಡುಕಿದಳು, ಸಂಕಟ ಎಲ್ಲಿ, ಅಳು ಎಲ್ಲಿ, ಇಲ್ಲವೇ ಇಲ್ಲ! ಗುರಿ ಚೆನ್ನಾಗಿತ್ತು, ಉಸಿರು ಚೆನ್ನಾಗಿತ್ತು, ಅಷ್ಟು ಸಾಕಲ್ಲ, ನಿಜಕ್ಕೂ ಸಾಕು, ಎಷ್ಟೊಂದು ಸುಖ, ಇಷ್ಟು ವರ್ಷ ಬಾಯಲ್ಲೇ ಇದ್ದದ್ದು ಇವತ್ತು ಎದೆಗಿಳಿಯಿತು. ಕೋವಿಯನ್ನು ದೇಚಮ್ಮನ ಕೈಗಿತ್ತು ನಗುತ್ತಾ ತಿರುಗಿದಳು, ಈ ಮುಖವನ್ನು ಗಂಡನಿಗೆ ತೋರಿಸಬೇಕು, ಆದರೆ ಅವನು ಮುಖ ನೋಡುತ್ತಲೇ ಇಲ್ಲ, ಮೇಲೆ ನೋಡುತ್ತಿದ್ದಾನೆ, ಮೈದಾನವೆಲ್ಲ ಮೇಲೆ ನೋಡುತ್ತಿದೆ, ನೀರು ಕಣೇ, ನೀರು ಎಂದು ಕೂಗುತ್ತಿದ್ದಾನೆ. ಗುಂಡು ಹೊಕ್ಕ ಕಾಯಿ ಬೀಳಬೇಕೆಂದೇನೂ ಇಲ್ಲ, ನೀರು ಸೋರಿದರೆ ಗೆದ್ದಂತೆ, ಅಷ್ಟೂ ಗೊತ್ತಿಲ್ಲವೇ, ಗೊತ್ತು, ಸೋತ ಮುಖವನ್ನು ವರ್ಷವಿಡೀ ತಿದ್ದಿದ್ದಾಯಿತು, ಗೆದ್ದ ಮುಖವನ್ನು ಏನು ಮಾಡಬೇಕು, ಅದನ್ನು ಕಲಿಯಲೇ ಇಲ್ಲವಲ್ಲ, ಸೆರಗು ಸಿಕ್ಕಿಸಿ ಕುಣಿಯುತ್ತಿರುವುದು ಯಾರ ಕಾಲು, ಕಿರುಚುತ್ತಿರುವುದು ಯಾರ ಗಂಟಲು — ಮೇಲೆ ಕಾಯಿ, ಕಾಯಿಯ ಬುಡದಲ್ಲಿ ಬಿಸಿಲಿಗೆ ಹೊಳೆಯುವ ಒಂದು ಹನಿ, ಇನ್ನೊಂದು ಹನಿ.