ದುರುಗಪ್ಪನನ್ನು ಹಿಡಿದ ಬಲೆ

ನಾನು ಒಂದು ಬಲೆ. ನನ್ನ ಮೈಯಲ್ಲಿ ಹುರಿಗಿಂತ ತೂತುಗಳೇ ಹೆಚ್ಚು. ಗಾಳಿ ನನ್ನನ್ನು ಕೇಳದೆಯೇ ಬರುತ್ತದೆ, ಹೇಳದೆಯೇ ಹೋಗುತ್ತದೆ. ಕರಾವಳಿಯ ಕಾರ್ಖಾನೆಯೊಂದರಲ್ಲಿ, ಮೀನಿನ ಬಲೆ ನೇಯುವ ಯಂತ್ರಗಳ ಪಕ್ಕದಲ್ಲೇ ಹುಟ್ಟಿದೆ. ಅಲ್ಲಿ ಹುಟ್ಟಿದವರೆಲ್ಲ ದೋಣಿ ಹತ್ತಿ ಕಡಲಿಗೆ ಹೋದರು. ನನ್ನನ್ನು ಮಾತ್ರ ಲಾರಿಗೆ ಹೇರಿ ಘಟ್ಟ ಹತ್ತಿಸಿದರು. ಧಾರವಾಡದಲ್ಲಿ ಏಳುತ್ತಿದ್ದ ಒಂದು ಕಾಲೇಜು ಕಟ್ಟಡದ ನಾಲ್ಕನೇ ಅಂತಸ್ತಿನ ಹೊರಗೆ, ಕಬ್ಬಿಣದ ಪೈಪುಗಳಿಗೆ ಬಿಗಿದು ನನ್ನನ್ನು ಹರಡಿದಾಗ ತಿಳಿಯಿತು, ನನ್ನ ಪಾಲಿನ ಕಡಲು ಆಕಾಶ ಎಂದು.

ಮೇಲೆ ಕೆಲಸ ಮಾಡುವವರ ಕಾಲು ಜಾರಿದರೆ ಹಿಡಿಯುವುದು ನನ್ನ ಕೆಲಸ. ಆದರೆ ಮನುಷ್ಯರು ದಿನವೂ ಬೀಳುವುದಿಲ್ಲವಲ್ಲ! ನನ್ನ ಮೇಲೆ ಮೊದಲು ಬಿದ್ದದ್ದು ಒಂದು ಬಾಚಣಿಗೆ. ಆಮೇಲೆ ಒಂದು ಟವೆಲ್ಲು, ಎಲ್ಲಿಂದಲೋ ಹಾರಿಬಂದ ಕೆಂಪು ಹೂವಿನ ದಳ, ಮೋಡಗಳ ನೆರಳು. ಜನರ ಮುಖಗಳು ನನಗೆ ಅಷ್ಟಾಗಿ ಕಾಣುತ್ತಿರಲಿಲ್ಲ. ಅಂಚಿಗೆ ಬಂದವರ ಪಾದಗಳಿಂದಲೇ ಅವರನ್ನು ಗುರುತಿಸುತ್ತಿದ್ದೆ. ಸರಳು ಕಟ್ಟುವ ದುರುಗಪ್ಪನ ಹಿಮ್ಮಡಿ ಒಣಗಿದ ಕೆರೆಯಂಗಳದಂತೆ ಒಡೆದಿತ್ತು. ಅವನು ಕೆಲಸ ಮಾಡುತ್ತ ಮಾಡುತ್ತ ಸಣ್ಣಗೆ ಹಾಡುತ್ತಿದ್ದ. ಆ ಹಾಡು ಮಂಜಿನ ಹಾಗೆ ನನ್ನ ಮೇಲೆ ಇಳಿಯುತ್ತಿತ್ತು.

ಶ್ರಾವಣದ ಒಂದು ಬೆಳಿಗ್ಗೆ ಹಾಡು ನಡುವೆಯೇ ನಿಂತಿತು. ಮಳೆಗೆ ನೆನೆದ ಹಲಗೆಯ ಮೇಲೆ ಅವನ ಕಾಲು ಜಾರಿತ್ತು. ಅಂಗಾತವಾಗಿ ಬಂದು ಬಿದ್ದ. ನಾನು ಆಳುದ್ದ ಕುಸಿದೆ, ಮತ್ತೆ ಮೇಲೆದ್ದೆ, ಮತ್ತೆ ಕುಸಿದೆ. ಅವನ ಎದೆಬಡಿತ ನನ್ನ ಒಂದೊಂದು ಗಂಟಿನಲ್ಲೂ ಕೇಳುತ್ತಿತ್ತು. ಎಷ್ಟೋ ಹೊತ್ತು ಅವನು ಏಳಲಿಲ್ಲ. ಮುಖದ ಮೇಲೆ ತುಂತುರು ಬೀಳಿಸಿಕೊಳ್ಳುತ್ತ ಮಲಗಿಯೇ ಇದ್ದ.

"ಯವ್ವಾ, ತೊಟ್ಟಿಲದಾಗ ಇದ್ದಂಗ ಐತಿ," ಅಂದ. ನಕ್ಕ. ಆಮೇಲೆ ಬಿಕ್ಕಿ ಬಿಕ್ಕಿ ಅತ್ತ.

ಅಂದಿನಿಂದ ಅವನಿಗೆ ನಾನು ತಾಯಿಯಾದೆ. ಬೆಳಿಗ್ಗೆ ನನ್ನನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳದೆ ಅವನು ಕೆಲಸಕ್ಕೆ ಕೈ ಹಚ್ಚುತ್ತಿರಲಿಲ್ಲ. ಅವನನ್ನು ಹಿಡಿದಾಗ ನನ್ನ ಅಂಚಿನ ಹಗ್ಗದಲ್ಲಿ ಕೆಲವು ಎಳೆಗಳು ಕಿತ್ತುಹೋಗಿದ್ದವು. ಯಾರೂ ನೋಡಲಿಲ್ಲ. ನಾನೂ ಆ ನೋವನ್ನು ಹೆಮ್ಮೆ ಎಂದೇ ತಿಳಿದೆ. ದುರುಗಪ್ಪನೋ, ಬೀಳದಂತೆ ಕಟ್ಟಿಕೊಳ್ಳಲು ಕೊಟ್ಟ ಬೆಲ್ಟನ್ನು ಮೊಳೆಗೆ ನೇತುಹಾಕಿ, ಅಂಚಿನ ಮೇಲೆ ಹೊಲದ ಬದುವಿನ ಮೇಲೆ ನಡೆದಂತೆ ನಡೆಯತೊಡಗಿದ. "ಕೆಳಗ ನಮ್ಮವ್ವ ಅದಾಳ," ಅನ್ನುತ್ತಿದ್ದ.

ಮೂರು ಬೇಸಿಗೆ ಕಳೆದವು. ಬಿಸಿಲು ನನ್ನನ್ನು ಮೆಲ್ಲಗೆ, ಮುದ್ದು ಮಾಡುವವರ ಹಾಗೆ ತಿನ್ನುತ್ತಿತ್ತು. ಕಾಲೇಜು ಮುಗಿದು, ಹುಬ್ಬಳ್ಳಿಯಲ್ಲಿ ಒಂದು ಆಸ್ಪತ್ರೆಯ ಕಟ್ಟಡ ಶುರುವಾಯಿತು. ಅಲ್ಲಿ ನನ್ನನ್ನು ಐದನೇ ಅಂತಸ್ತಿಗೆ ಕಟ್ಟಿದರು. ದುರುಗಪ್ಪನೂ ಬಂದ. ಈ ಸಲ ಹುನಗುಂದದ ಕಡೆಯ ಊರಿನಿಂದ ಹೆಂಡತಿ ಯಮನವ್ವನನ್ನೂ ಕರೆತಂದಿದ್ದ.

ಗಂಡನ ಜೀವ ಉಳಿಸಿದ ಬಲೆಯನ್ನು ನೋಡಬೇಕೆಂದು ಯಮನವ್ವ ಮೊದಲ ದಿನವೇ ಅರಿಶಿನ ಕುಂಕುಮ ಹಿಡಿದು ಮೇಲೆ ಬಂದಳು. ಕುಂಕುಮ ಹಚ್ಚಲು ಅಂಚಿನ ಹಗ್ಗವನ್ನು ಹಿಡಿದಳು. ಹಿಡಿದವಳು ಬಿಡಲಿಲ್ಲ. ಹೆಬ್ಬೆರಳಿನಿಂದ ತಿಕ್ಕಿ ನೋಡಿದಳು, ಉಗುರಿನಿಂದ ಎಳೆ ಬಿಡಿಸಿದಳು.

"ಇದರಾಗ ಜೀವಾ ಇಲ್ರಿ," ಅಂದಳು.

ದುರುಗಪ್ಪನಿಗೆ ಸಿಟ್ಟು ನೆತ್ತಿಗೇರಿತು. "ಬಾಯಿ ಮುಚ್ಚು. ನಿನ್ನ ಕುಂಕುಮಾ ಉಳಿಸಿದ್ದು ಇದಽ."

"ಅದಕ್ಕಽ ಹೇಳಾಕತ್ತೀನಿ. ನಾ ಹಗ್ಗಾ ಹೊಸಿಯೋರ ಮಗಳು. ಹುರಿ ಹಿಟ್ಟಾಗೇತಿ, ನೋಡ್ರಿಲ್ಲೆ." ಅವಳ ಬೆರಳ ತುದಿಯಲ್ಲಿ ನನ್ನ ಮೈಯ ಪುಡಿ ಇತ್ತು.

ಸೂಪರ್‌ವೈಸರ್ ಮಲ್ಲನಗೌಡರು ಬಂದರು. "ನಾಳೆ ಸ್ಲ್ಯಾಬ್ ಐತಿ. ಹೊಸಾ ನೆಟ್ಟು ಬರಾಕ ನಾಕು ದಿನಾ ಬೇಕು. ನಡೀರಿ, ಕೆಲಸಾ ನೋಡ್ರಿ."

ಯಮನವ್ವ ಕದಲಲಿಲ್ಲ. "ಸಾಹೇಬ್ರ, ಇವರ ತೂಕದಷ್ಟು ಉಸುಕು ಚೀಲದಾಗ ತುಂಬಿ ಮ್ಯಾಲಿಂದ ಒಗೀರಿ. ತಡಕೊಂಡ್ರ ನಾ ಇವತ್ತಽ ಊರಿಗೆ ಹೊಕ್ಕೀನಿ. ತಡೀಲಿಲ್ಲಂದ್ರ ಯಾರೂ ಅಂಚಿಗೆ ಹೋಗಬಾರದು."

"ನಾನಽ ಒಗಿತೀನಿ," ಅಂದ ದುರುಗಪ್ಪ. ನನ್ನ ಮರ್ಯಾದೆ ಉಳಿಸಲೆಂದೇ ಅಂದ.

ಕೆಳಗೆ ಯಾರೂ ನಿಲ್ಲದಂತೆ ಮಾಡಿದರು. ಮೇಲಿನ ಅಂಚಿನಲ್ಲಿ ಆ ಒಡೆದ ಹಿಮ್ಮಡಿ ಕಂಡಿತು. ಹಿಡಿಯಬೇಕು, ಹಿಡಿದೇ ಹಿಡಿಯುತ್ತೇನೆ ಎಂದು ನನ್ನ ಎಲ್ಲ ಗಂಟುಗಳನ್ನೂ ಬಿಗಿಮಾಡಿಕೊಂಡೆ. ಚೀಲ ಬಂದು ಬಿತ್ತು. ನಾನು ಕುಸಿದೆ. ಒಂದು ಕ್ಷಣ ಹಿಡಿದೆ ಕೂಡ, ಮೇಲೆ ದುರುಗಪ್ಪ "ಹೋ!" ಎಂದು ನಕ್ಕದ್ದು ಕೇಳಿಸಿತು. ಆಮೇಲೆ ಹಿಂದೆ ಎಳೆ ಕಿತ್ತುಹೋಗಿದ್ದ ಜಾಗದಲ್ಲಿ ಟಪ್ ಎಂದಿತು. ಇನ್ನೊಂದು ಟಪ್. ಸಾಲು ಸಾಲಾಗಿ ನನ್ನ ಹೆಣಿಗೆಯ ಕಣ್ಣುಗಳು ಹರಿದವು. ಚೀಲ ನನ್ನನ್ನು ದಾಟಿ ಐದು ಅಂತಸ್ತು ಇಳಿದು ಜಲ್ಲಿಯ ಮೇಲೆ ಒಡೆಯಿತು. ಉಸುಕಿನ ಧೂಳು ನಿಧಾನವಾಗಿ ಮೇಲೆದ್ದಿತು.

ದುರುಗಪ್ಪ ಒಂದು ಹೆಜ್ಜೆ ಹಿಂದೆ ಸರಿದ. ಇನ್ನೊಂದು ಹೆಜ್ಜೆ ಸರಿದ. ಕಂಬದ ಸರಳನ್ನು ತಬ್ಬಿ ಕುಳಿತುಬಿಟ್ಟ. ಮಲ್ಲನಗೌಡರು ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಎಲ್ಲಾರೂ ಕೆಳಗ ಇಳೀರಿ," ಅಂದರು. "ಸಾವಿನ ಅಂಚಿಗೆ ಬಂದಿದ್ವಿ. ತಂಗಿ, ನೀ ನಿಲ್ಲಿಸಿದಿ."

ನಾಲ್ಕು ದಿನ ಕೆಲಸ ನಿಂತಿತು. ಹೊಸ ಬಲೆ ಬಂತು. ಅದಕ್ಕಿಂತ ಮೊದಲು ಅಂಚಿನುದ್ದಕ್ಕೂ ಸೊಂಟದೆತ್ತರಕ್ಕೆ ಪೈಪಿನ ಕಟಾಂಜನ ಎದ್ದಿತು; ಬೆಲ್ಟಿನ ಕೊಕ್ಕೆ ಸಿಕ್ಕಿಸಲು ತಂತಿ ಎಳೆದರು. ಕೆಳಗೆ ರಾಶಿಯಾಗಿ ಬಿದ್ದು ನಾನು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದೆ. ನಾಚಿಕೆಯಾಗಿತ್ತು. ದುರುಗಪ್ಪ ಎರಡು ದಿನ ನನ್ನ ಕಡೆ ತಿರುಗಿ ನೋಡಲಿಲ್ಲ. ಮೂರನೇ ದಿನ ಬಂದು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತ.

"ನಿಂದೇನೂ ತಪ್ಪಿಲ್ಲ ಬಿಡವ್ವಾ," ಅಂದ. "ದಿನಾ ಕೈ ಮುಗದೆ. ಒಂದಿನಾನೂ ನಿನ್ನ ನೋಡಲಿಲ್ಲ."

ಸುತ್ತಿ ಹೆಗಲ ಮೇಲೆ ಹೊತ್ತು ತನ್ನ ಶೆಡ್ಡಿಗೆ ಒಯ್ದ.

ಈಗ ಶೆಡ್ಡಿನ ತಗಡಿನ ಗೋಡೆಗೆ ಒರಗಿ ನಿಂತಿದ್ದೇನೆ. ಯಮನವ್ವ ನನ್ನ ಬುಡದಲ್ಲಿ ಹೀರೆಬೀಜ ಊರಿದ್ದಾಳೆ. ಇಷ್ಟು ವರ್ಷ ಬೀಳುವವರಿಗಾಗಿ ಕಾದು ಮಲಗಿದ್ದೆ. ಹತ್ತುವವರ ಹಗುರ ಹೇಗಿರುತ್ತದೆಂದು ಈ ಮುಪ್ಪಿನಲ್ಲಿ ತಿಳಿಯುತ್ತಿದೆ. ಬಳ್ಳಿಗೆ ಅವಸರವಿಲ್ಲ. ಒಂದೊಂದೇ ಕಣ್ಣು ಹಿಡಿದು ಏರುತ್ತದೆ. ಮುಂದಿನದನ್ನು ಹಿಡಿಯದೆ ಹಿಂದಿನದನ್ನು ಬಿಡುವುದಿಲ್ಲ. ಕೆಲಸಕ್ಕೆ ಹೊರಟ ದುರುಗಪ್ಪ ಬೆಲ್ಟು ತೊಡುತ್ತ ಒಂದು ಗಳಿಗೆ ನಿಂತು ಆ ಬಳ್ಳಿಯನ್ನೇ ನೋಡುತ್ತಾನೆ.