ಕಾಳಿಲ್ಲದ ದಿಂಡು

“ಕೈ ಎತ್ತಿ ಅಮ್ಮ, ಸೊಂಟ ನೋಡ್ಬೇಕು” ಎಂದು ಕಾನ್ವೆಂಟಿನ ಸನ್ಯಾಸಿನಿ ಸಿಸ್ಟರ್ ಪರ್ಪೆತುವಾ ಶವಪೆಟ್ಟಿಗೆಯ ಮುಂದೆಯೇ ಮುಚಾನೆತಾಳನ್ನು ತಡೆದಳು.

“ನಾನೇನು ಕಳ್ಳಿಯೇನೇ? ಒಳಗೆ ಮಲಗಿರೋಳು ನನ್ನ ಒಡಹುಟ್ಟಿದ ಅಕ್ಕ!”

“ಸಿಸ್ಟರ್ ಚೆಂಜಿರಾ ಅವರೇ ಹೇಳಿ ಹೋಗಿದಾರೆ. ‘ನನ್ನ ತಂಗಿ ಬರ್ತಾಳೆ, ಅಳ್ತಾಳೆ, ಅಳೋಕೆ ಬಿಡಿ. ಸೊಂಟ ಮಾತ್ರ ಹುಡುಕಿ’ ಅಂತ.”

ಬೆಂಚಿನ ಮೇಲಿದ್ದ ಮುದುಕಿಯೊಬ್ಬಳು ಕಿಸಕ್ಕನೆ ನಕ್ಕಳು. ಪರ್ಪೆತುವಾ ಮುಚಾನೆತಾಳ ಸೊಂಟದ ಗಂಟಿನಿಂದ ಕಾಳು ಬಿಡಿಸಿದ ಮೆಕ್ಕೆಜೋಳದ ದಿಂಡೊಂದನ್ನು ಎಳೆದಳು.

ಮಕ್ಕಳಿಲ್ಲದೆ ಸತ್ತವರ ಮಗ್ಗುಲಿಗೆ ಮಗುವಿನ ಬದಲು ದಿಂಡು ಇಡಬೇಕು. ಇಡದಿದ್ದರೆ ಅವರು ಮಗು ಕೇಳಿಕೊಂಡು ತವರಿಗೆ ತಿರುಗಿ ಬರುತ್ತಾರೆ. ಗುಟು ಸೀಮೆಯಲ್ಲಿ ಇದು ಗೊತ್ತಿಲ್ಲದವರು ಯಾರು? ಮುಚಾನೆತಾಳ ಮಗಳು ರತಿಜೊ ಎರಡು ಕೂಸು ಮಣ್ಣು ಮಾಡಿದವಳು. ಈಗ ಮತ್ತೆ ತುಂಬು ಬಸುರಿ.

“ನಿನಗೆ ಅಕ್ಷರ ಕಲಿಸಿದೋಳು ಕಣೇ. ಬರಿಗೈಲಿ ಕಳಿಸ್ತೀಯಾ?”

“ಅವರು ಕಲಿಸಿದ್ದಕ್ಕೇ ಬರಿಗೈಲಿ ಕಳಿಸ್ತಿರೋದು” ಎಂದು ಪರ್ಪೆತುವಾ ಹೊರಗೆ ನಡೆದು, ಗಂಜಿ ಬೇಯುತ್ತಿದ್ದ ಒಲೆಗೆ ದಿಂಡನ್ನು ತುರುಕಿದಳು.

*

ಎಷ್ಟೋ ವರ್ಷಗಳ ಹಿಂದೆ, ಮಕ್ಕಳಿಲ್ಲದ ಸೋದರತ್ತೆ ಸತ್ತಾಗ ಚೆಂಜಿರಾ ಹೊಸದಾಗಿ ಸಿಸ್ಟರ್ ಆಗಿದ್ದಳು. ಬಿಳಿ ಉಡುಪಿನಲ್ಲೇ ಗುಂಡಿಗೆ ಇಳಿದು, ಹೆಣದ ಪಕ್ಕದ ದಿಂಡನ್ನು ಕಿತ್ತು ಮೇಲೆ ಹಿಡಿದಳು.

“ಅತ್ತೆ ನಮ್ಮನ್ನೆಲ್ಲ ಬೆನ್ನಿಗೆ ಕಟ್ಟಿಕೊಂಡು ಸಾಕಿದಳು. ಅವಳಿಗೆ ಇದೇನಾ ಮಗು? ನಾಚಿಕೆ ಆಗಲ್ವಾ ನಿಮಗೆ?”

ಎಸೆದಳು. ಆಮೇಲೆ ಹಗಲೆಲ್ಲ ಶಾಲೆ, ಸಂಜೆ ಸೈಕಲ್ ಮೇಲೆ ಹಳ್ಳಿ ಹಳ್ಳಿಗೆ ಹೋಗಿ ಜಪ, ರೋಗಿಗಳ ಆರೈಕೆ. ಸಾವಿನ ಮನೆಗೆ ಹೋದಲ್ಲೆಲ್ಲ ಇದೇ ಜಗಳ.

ಮರುವರ್ಷ ಮುಚಾನೆತಾಳ ಚೊಚ್ಚಲ ಗಂಡು ಜ್ವರಕ್ಕೆ ಹೋಯಿತು. ಅಪ್ಪಿಕೊಳ್ಳಲು ಬಂದ ಅಕ್ಕನ ಎದೆಗೆ ಕೈ ಒತ್ತಿ ದೂರ ಇಟ್ಟು ಅವಳು ಕೇಳಿದ್ದು ಒಂದೇ:

“ಅತ್ತೆಯ ದಿಂಡು ಎಲ್ಲಿ ಎಸೆದೆ?”



*

ಡೋಲು ನಿಂತಿತು. ಚೆಂಜಿರಾಳ ಪೆಟ್ಟಿಗೆ ಗುಂಡಿಯೊಳಗೆ ಇಳಿಯಿತು. ಜನ ಒಬ್ಬೊಬ್ಬರಾಗಿ ಮಣ್ಣು ಹಾಕತೊಡಗಿದರು. ರತಿಜೊ ಮುಂದೆ ಹೆಜ್ಜೆ ಇಟ್ಟಳು. ಮುಚಾನೆತಾ ಅವಳ ಮುಂಗೈ ಹಿಡಿದಳು.

“ನೀನು ಬೇಡ. ಹಿಂದೆ ಬಾ. ಬಸುರಿ ನೀನು!”

“ಬಿಡಮ್ಮ. ನನ್ನ ಓದಿಸಿದ ದೊಡ್ಡಮ್ಮ.”

“ಅವಳಿಗೆ ಏನೂ ಕೊಟ್ಟು ಕಳಿಸಿಲ್ಲ ಕಣೇ!”

“ಅದಕ್ಕೇ ಹೋಗ್ತಿದೀನಿ.”

ರತಿಜೊ ಕೈ ಕೊಡವಿಕೊಂಡು ಹೋಗಿ, ಗುಂಡಿಯ ಅಂಚಿನಲ್ಲಿ ಕಷ್ಟಪಟ್ಟು ಮಂಡಿಯೂರಿ, ಹಿಡಿ ಮಣ್ಣು ತೆಗೆದಳು. ಮುಚಾನೆತಾ ಓಡಿಬಂದು ಅವಳ ಬೆನ್ನಿಗೆ ಅಂಟಿ ಕುಸಿದು ಕೂತಳು. ಎರಡೂ ತೋಳು ಚಾಚಿ, ನೋಡಬಾರದ್ದನ್ನು ನೋಡುತ್ತಿರುವ ಮಗುವಿನ ಕಣ್ಣು ಮುಚ್ಚುವಂತೆ, ಮಗಳ ಹೊಟ್ಟೆಯನ್ನು ಅಂಗೈಗಳಿಂದ ಮುಚ್ಚಿದಳು.