ಎರಡನೆಯ ತುಂಗಕ್ಕ

ಮೃತ್ಯುಂಜಯನಿಗೆ ಆ ಗುರುವಾರ ಕೂತಲ್ಲಿ ಕೂರಲಾಗಲಿಲ್ಲ. ಹಾನಗಲ್ಲಿನ ತಾಲೂಕು ಕಚೇರಿಯ ಎದುರಿಗಿದ್ದ ಅವನ ಝೆರಾಕ್ಸ್ ಅಂಗಡಿಗೆ ಬೆಳಗಿನಿಂದ ಜನ ಬಿಟ್ಟೂಬಿಡದೆ ಬರುತ್ತಿದ್ದರು. ಅವನು ಒಬ್ಬರ ಪಹಣಿಯನ್ನು ಇನ್ನೊಬ್ಬರ ಕೈಗೆ ಕೊಟ್ಟ. ಕಾಗದ ತುಂಬುವುದನ್ನು ಮರೆತು ಯಂತ್ರವನ್ನೇ ಬೈದ. ವೀರವ್ವ ಎಂಬ ಮುದುಕಿಯ ಆಧಾರ್ ಕಾರ್ಡಿನ ಹಿಂಬದಿಯನ್ನೇ ಎರಡು ಸಲ ಹೊಡೆದ.

"ಯಪ್ಪಾ, ಇದರಾಗ ನನ್ನ ಮಾರೀನ ಇಲ್ಲಲ್ಲೋ," ಎಂದಳು ವೀರವ್ವ.

"ತಡೀಬೇ, ಮತ್ತೊಂದು ತಗೀತೇನಿ," ಎಂದು ಕಾರ್ಡನ್ನು ತಿರುವಿ ಹಾಕಿದ. ಹಾಕಿದವನು ಗುಂಡಿ ಒತ್ತುವ ಮೊದಲು ಮತ್ತೆ ಮೊಬೈಲ್ ನೋಡಿದ. ಬೆಳಿಗ್ಗೆ ಏಳು ಗಂಟೆಗೆ ಬಂದಿದ್ದ ಆ ನಾಲ್ಕು ಸಾಲು ಇನ್ನೂ ಅಲ್ಲೇ ಇದ್ದವು.

ಮೃತ್ಯುಂಜಯನಿಗೆ ಈಗ ನಲವತ್ತೈದು. ಅಂಗಡಿ ಹೊಟ್ಟೆಪಾಡಿಗೆ, ಜೀವವೆಲ್ಲ ಇದ್ದದ್ದು ತೊಂಬತ್ತರ ದಶಕದ ನಗೆ ಧಾರಾವಾಹಿಗಳಲ್ಲಿ. ನಾಲ್ಕು ವರ್ಷದಿಂದ ಪ್ರತಿ ಭಾನುವಾರ ಅರ್ಧ ಶಟರ್ ಇಳಿಸಿ, ಕಾಗದದ ರೀಮುಗಳ ಮೇಲೆ ಮೊಬೈಲ್ ನಿಲ್ಲಿಸಿ, ಆ ಧಾರಾವಾಹಿಗಳ ಬಗ್ಗೆ ತನಗನಿಸಿದ್ದನ್ನು ಮಾತಾಡಿ ಯೂಟ್ಯೂಬಿಗೆ ಹಾಕುತ್ತಿದ್ದ. ಅವನಿಗೆ ಅನಿಸುವುದಕ್ಕೇನೂ ಕೊರತೆಯಿರಲಿಲ್ಲ. 'ಸಾಹೇಬರಿಲ್ಲ' ಎಂಬ ಕಚೇರಿ ಧಾರಾವಾಹಿಯಲ್ಲಿ ಮೂವತ್ತೊಂಬತ್ತು ವಾರ ಮುಖ ತೋರಿಸದ ಸಾಹೇಬನನ್ನು ನಲವತ್ತನೆಯ ವಾರ ತೋರಿಸಿದ್ದು ಅವನ ಪ್ರಕಾರ ಕನ್ನಡ ಟೀವಿಯ ದೊಡ್ಡ ಅಪರಾಧ. ಕ್ಷೌರದಂಗಡಿಯ ಕತೆಯಾದ 'ಮಂಗಳವಾರ ರಜಾ'ದ ನಿಜವಾದ ನಾಯಕ ಕತ್ತರಿ ಹಿಡಿದವನಲ್ಲ, ಸರದಿಗಾಗಿ ಬೆಂಚಿನ ಮೇಲೆ ಕೂತು ಒಮ್ಮೆಯೂ ಗಡ್ಡ ಮಾಡಿಸಿಕೊಳ್ಳದ ಮುದುಕ. ನಗೆಮಾತಿಗೆ ಮುಂಚೆ ಹುಬ್ಬೇರಿಸುವ ನಟನಿಗೆ ನಗೆಮಾತನ್ನೇ ಕೊಡಬಾರದು. ಹಿನ್ನೆಲೆಯಲ್ಲಿ ಕೇಳಿಸುವ ನಗುವಿನಲ್ಲಿ ಒಬ್ಬ ಹೆಂಗಸು ಬಿಕ್ಕಳಿಸಿದ ಹಾಗೆ ನಗುತ್ತಾಳೆ, ಆಕೆಯೊಬ್ಬಳೇ ಮೂರು ಬೇರೆ ಬೇರೆ ಧಾರಾವಾಹಿಗಳಲ್ಲಿ ನಕ್ಕಿದ್ದಾಳೆ ಎಂದು ಪತ್ತೆ ಹಚ್ಚಿದವನೂ ಅವನೇ.

ಎಲ್ಲಕ್ಕಿಂತ ಹೆಚ್ಚು ಅವನು ಮಾತಾಡುತ್ತಿದ್ದದ್ದು 'ಮೇಲ್ಮನೆ ಕೆಳಮನೆ'ಯ ಬಗ್ಗೆ. ಮೇಲಿನ ಮನೆಯಲ್ಲಿ ಮಾಲಕಿ ತುಂಗಕ್ಕ, ಕೆಳಗೆ ಬಾಡಿಗೆಯವರು, ನಡುವೆ ಒಂದು ನೀರಿನ ಪಂಪು. ಮೊದಲ ಐವತ್ತೆರಡು ಕಂತುಗಳಲ್ಲಿ ತುಂಗಕ್ಕನಾಗಿ ವನಮಾಲಾ ಎಂಬ ನಟಿ ಇದ್ದಳು. ಐವತ್ತಮೂರನೆಯ ವಾರ ಅದೇ ಸೀರೆ, ಅದೇ ಕನ್ನಡಕ ಹಾಕಿಕೊಂಡು ಬೇರೊಬ್ಬಳು ಮೆಟ್ಟಿಲಿಳಿದು ಬಂದಳು. ಹೆಸರು ರೇಖಾಶ್ರೀ. ತನ್ನೂರು ದುಂಡಸಿಯಲ್ಲಿ ಪಕ್ಕದವರ ಮನೆಯ ನೆಲದ ಮೇಲೆ ಕೂತು ನೋಡುತ್ತಿದ್ದ ಹದಿನೇಳು ವರ್ಷದ ಮೃತ್ಯುಂಜಯ ಎದ್ದು ಹೊರಗೆ ನಡೆದಿದ್ದ. ಆ ಸಿಟ್ಟು ಇಷ್ಟು ವರ್ಷವಾದರೂ ಆರಿರಲಿಲ್ಲ. 'ತುಂಗಕ್ಕನ್ನ ಕೆಡಿಸಿದಾಕಿ ಯಾರು?' ಎಂಬ ವಿಡಿಯೋದಲ್ಲಿ ಅದನ್ನೆಲ್ಲ ಕಾರಿದ್ದ. ರೇಖಾಶ್ರೀ ಸಂಭಾಷಣೆಯನ್ನು ನೋಟೀಸು ಓದಿದ ಹಾಗೆ ಓದುತ್ತಾಳೆ, ಆಕೆಗೆ ನಗಿಸುವುದೇ ಗೊತ್ತಿಲ್ಲ, ಡೈರೆಕ್ಟರನ ಕಿವಿ ಊದಿ ವನಮಾಲಾಳನ್ನು ಹೊರಹಾಕಿಸಿ ಪಾತ್ರ ಕಸಿದುಕೊಂಡಳು ಎಂದೆಲ್ಲ ಹೇಳಿದ್ದ. ಮೂವತ್ತೊಂದು ಸಾವಿರ ಜನ ನೋಡಿದ್ದರು.

ಬೆಳಿಗ್ಗೆ ಬಂದ ನಾಲ್ಕು ಸಾಲು ಹೀಗಿದ್ದವು: 'ನೀವು ಬೈದ ರೇಖಾಶ್ರೀ ನನ್ನ ಫುಪ್ಪು, ಅಂದರೆ ನಮ್ಮಪ್ಪನ ಅಕ್ಕ. ಖರೇ ಹೆಸರು ದಿಲ್ಶಾದ. ಸವಣೂರಿನಲ್ಲೇ ಇದ್ದಾರೆ. ನಿಮ್ಮ ವಿಡಿಯೋ ಎರಡು ಸಲ ನೋಡಿದರು, ಮೂರನೇ ಸಲ ನಿಮ್ಮ ಬಾಯಿಂದಲೇ ಕೇಳಬೇಕಂತೆ. ಸಾಯಿಮಾ.'

ರೇಖಾಶ್ರೀ ಎಲ್ಲೋ ಬೆಂಗಳೂರಿನಲ್ಲಿ ಇದ್ದಾಳೆ, ಇಲ್ಲವೇ ಸತ್ತಿದ್ದಾಳೆ ಎಂದೇ ಅವನು ತಿಳಿದಿದ್ದ. ಆಕೆ ಎರಡು ತಾಸಿನ ದಾರಿಯಲ್ಲಿ, ಪಕ್ಕದ ತಾಲೂಕಿನಲ್ಲಿ ಉಸಿರಾಡುತ್ತಿದ್ದಾಳೆ ಎಂಬುದು ಅವನ ಎದೆಯೊಳಗೆ ಇಲಿಯಂತೆ ಓಡಾಡತೊಡಗಿತು.

ಸಂಜೆ ಹೆಂಡತಿ ನೇತ್ರಾ ಶಾಲೆಯಿಂದ ಬಂದಾಗ ಅವನು ಅಡುಗೆಮನೆಗೂ ಪಡಸಾಲೆಗೂ ಅಡ್ಡಾಡುತ್ತಿದ್ದ. ಮೊಬೈಲನ್ನು ಅವಳ ಮುಂದೆ ಹಿಡಿದ. ಓದಿ ಮುಗಿಸಿ ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ಹೋಗಿ ಬರ್ರಿ ಮತ್ತ."

"ಹೋಗಿ ಏನ ಅನ್ಲಿ? ನಾ ಅಂದಿದ್ದು ಸುಳ್ಳಲ್ಲ ನೇತ್ರಾ. ಅಕಿ ಖರೇನ ಛಲೋ ಮಾಡಿಲ್ಲ."

"ಅದನ್ನ ಅನ್ರಿ. ಮೂವತ್ತ ಸಾವಿರ ಮಂದಿ ಮುಂದ ಅಂದವರಿಗೆ ಒಬ್ಬಾಕಿ ಮುಂದ ಅನ್ನಾಕೇನ?"

ಅವನು ಮತ್ತೆ ಅಡ್ಡಾಡಿದ. ಶುಕ್ರವಾರ ವಿಡಿಯೋ ಅಳಿಸಿಬಿಡೋಣ ಅನಿಸಿತು, ಶನಿವಾರ ಯಾಕೆ ಅಳಿಸಲಿ ಅನಿಸಿತು. ಭಾನುವಾರ ಬೆಳಿಗ್ಗೆ ಸಾಯಿಮಾಳಿಗೆ ಬರುತ್ತೇನೆಂದು ತಿಳಿಸಿ ಹಾವೇರಿ ಬಸ್ಸು ಹತ್ತಿದ.

ಹಾವೇರಿಯಲ್ಲಿ ಸವಣೂರು ಬಸ್ಸಿಗೆ ಬದಲಾಯಿಸಿ ಕಿಟಕಿಯ ಪಕ್ಕ ಕೂತವನು ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಅರವತ್ತೊಂದನೆಯ ಕಂತನ್ನು ಇನ್ನೊಮ್ಮೆ ನೋಡಿದ. ಕೆಳಮನೆಯವನು ಪಂಪು ಹಚ್ಚಿ ಆರಿಸದೆ ಊರಿಗೆ ಹೋಗಿರುತ್ತಾನೆ. ಮೇಲಿನ ನೀರಿನ ಟಾಕಿ ತುಂಬಿ ನೀರೆಲ್ಲ ತುಂಗಕ್ಕನ ಹಪ್ಪಳದ ಮೇಲೆ. 'ಏನ್ರೀ ಇದು, ಮನೆಯೋ ಕೆರೆಯೋ?' ಎನ್ನುತ್ತಾಳೆ ರೇಖಾಶ್ರೀ, ಒಂದೊಂದು ಶಬ್ದವನ್ನೂ ಎಣಿಸಿ ಇಟ್ಟ ಹಾಗೆ. ಯಾವ ಕಡೆಯಿಂದ ನೋಡಿದರೂ ಕೆಟ್ಟದಾಗಿತ್ತು. ಇದನ್ನು ಕೆಟ್ಟದ್ದು ಅನ್ನದೆ ಇನ್ನೇನು ಅನ್ನಲಿ ಎಂದು ಅವನಿಗೆ ಸಮಾಧಾನವಾಯಿತು. ಸವಣೂರಿನ ಮನೆಗಳು ಕಾಣಿಸುತ್ತಲೇ ಆ ಸಮಾಧಾನ ಹಾರಿಹೋಯಿತು. ಬಸ್ಸು ನಿಲ್ಲುವ ಮೊದಲೇ ಎದ್ದು ಬಾಗಿಲಿಗೆ ಹೋಗಿ ನಿಂತ.

ಬಸ್‌ಸ್ಟ್ಯಾಂಡಿನಲ್ಲಿ ಸಾಯಿಮಾ ಕಾಯುತ್ತಿದ್ದಳು. ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗಿ, ಬಿ.ಎಡ್. ಓದುತ್ತಿದ್ದಳು. "ವಿಡಿಯೋದಾಗ ಇನ್ನೂ ದಪ್ಪ ಕಾಣಸ್ತೀರಿ ಸರ," ಎಂದಷ್ಟೇ ಹೇಳಿ ಮುಂದೆ ಮುಂದೆ ನಡೆದಳು.

ದಿಲ್ಶಾದ ಪಡಸಾಲೆಯ ಚಾಪೆಯ ಮೇಲೆ ಕೂತು ವೀಳ್ಯದೆಲೆ ಆರಿಸಿ ಕಟ್ಟು ಕಟ್ಟುತ್ತಿದ್ದಳು. ಅರವತ್ತು ದಾಟಿದ ಗಟ್ಟಿ ಮೈಯ ಹೆಂಗಸು; ಕೂದಲಿಗೆ ಮದರಂಗಿಯ ಬಣ್ಣವಿತ್ತು. ತಲೆ ಎತ್ತಿ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಕುಂದರ್ರಿ. ಸಾಯಿಮಾ, ಚಾ ಇಡು. ಹಾಂ, ಅನ್ರಿ ಈಗ."

"ಏನ ಅಕ್ಕಾರ?"

"ಮೊಬೈಲದಾಗ ಅಂದಿದ್ದು. ಇಲ್ಲೇ ಅನ್ರಿ."

ಮೃತ್ಯುಂಜಯನಿಗೆ ಬಸ್ಸಿನಲ್ಲಿ ಕಟ್ಟಿಕೊಂಡಿದ್ದ ಪೀಠಿಕೆಯೆಲ್ಲ ಮರೆತುಹೋಯಿತು. "ನೀವು... ಮಾತು ಓದಿದಂಗ ಆಡ್ತಿದ್ರಿ. ವನಮಾಲಾ ಅವರು ಬೈದ್ರ ನಗಿ ಬರತಿತ್ತು. ನೀವು ಬೈದ್ರ ಬೈದಂಗ ಅಷ್ಟ ಇರತಿತ್ತು," ಎಂದ. ಅಂದ ಮೇಲೆ ಎದ್ದು ಓಡಿಹೋಗೋಣ ಅನಿಸಿತು.

ದಿಲ್ಶಾದ ಎಲೆ ಆರಿಸುವುದನ್ನು ನಿಲ್ಲಿಸಲಿಲ್ಲ. "ಖರೇ ಐತಿ," ಎಂದಳು.

ಅವನು ಇದನ್ನು ನಿರೀಕ್ಷಿಸಿರಲಿಲ್ಲ.

"ಹನ್ನೆರಡು ವರ್ಷ ಕಂಪನಿ ನಾಟಕದಾಗ ಇದ್ದೆ. ಹಂಸಭಾವಿಯಾಗ ಒಂದ ನಾಟಕ ನಲವತ್ತು ದಿನ ನಡಿಸೇವಿ. ನಾ ಸ್ಟೇಜಿಗೆ ಬಂದ್ರ ಹಿಂದಿನವರು ಎದ್ದು ನಿಲ್ತಿದ್ರು. ಆ ಮ್ಯಾಲೆ ಬೆಂಗಳೂರಿಗೆ ಹೋದೆ. ಅಲ್ಲಿ ಕ್ಯಾಮೆರಾ ಬಾಜೂಕ ಒಬ್ಬಾಂವನ್ನ ನಿಲ್ಲಿಸಿದ್ರು. ನನ್ನ ಬಾಯಾಗ 'ಐತಿ' ಬಂದ್ರ ಅಂವಾ ಕೈ ಎತ್ತಾಂವ. 'ಇದೆ' ಅನಬೇಕು. 'ಬ್ಯಾಡ' ಬಂದ್ರ ಕೈ ಎತ್ತಾಂವ, 'ಬೇಡ' ಅನಬೇಕು. ಅಂವನ ಕೈ ನೋಡೂದರಾಗ ನಾ ತುಂಗಕ್ಕನ್ನ ಎಲ್ಲಿ ನೋಡ್ಲಿ? ನಲವತ್ನಾಕು ಕಂತು ಅಂವನ ಕೈಗೆ ಹೆದರ್ಕೋತನ ಮಾಡೇನಿ."

ಆ ಕಂತುಗಳನ್ನು ಮೃತ್ಯುಂಜಯ ಇಪ್ಪತ್ತು ಸಲವಾದರೂ ನೋಡಿದ್ದ. ಆಕೆಯ ಕಣ್ಣು ಆಗಾಗ ಎಡಕ್ಕೆ ಸರಿಯುವುದನ್ನು ಗುರುತಿಸಿ, ಸಂಭಾಷಣೆ ಬಾಯಿಪಾಠ ಮಾಡದ ಸೋಮಾರಿ ಎಂದು ವಿಡಿಯೋದಲ್ಲಿ ಗೇಲಿ ಮಾಡಿದ್ದವನೂ ಅವನೇ. ತನ್ನ ಊರಿನ ಮಾತನ್ನು ನುಂಗಿಕೊಂಡು ಮಾತಾಡುತ್ತಿದ್ದಾಳೆ ಎಂದು, ಅದೇ ಮಾತಾಡುವ ತನಗೆ ಒಮ್ಮೆಯೂ ಹೊಳೆದಿರಲಿಲ್ಲ.

"ಛಲೋ ಮಾಡಿಲ್ಲ ಅಂದಿದ್ದಕ್ಕ ನಾ ನಿಮ್ಮನ್ನ ಕರಸಿಲ್ಲ," ಎಂದಳು ದಿಲ್ಶಾದ. ಈಗ ಎಲೆಯನ್ನು ಕೆಳಗಿಟ್ಟಿದ್ದಳು. "ಕಸಕೊಂಡಾಳ ಅಂದ್ರಲ್ಲ, ಅದಕ್ಕ ಕರಸೇನಿ. ಯಾರ ಹೇಳಿದ್ರು ನಿಮಗ?"

"ಯಾರೂ... ಯಾರೂ ಹೇಳಿಲ್ರಿ."

"ಮತ್ತ?"

"ಹಂಗ ಇರಬೇಕು ಅನಿಸಿತು."

ಚಹದ ಬಟ್ಟಲು ಹಿಡಿದು ಬಂದ ಸಾಯಿಮಾ ಬಾಗಿಲಲ್ಲೇ ನಿಂತಳು. ದಿಲ್ಶಾದಳ ದನಿ ಏರಲಿಲ್ಲ.

"ವನಮಾಲಾ ಅಕ್ಕಾರಿಗೆ ಗಂಟಲ ಆಪರೇಶನ್ ಆತು. ದನಿ ಹೋತು. ಅವರು ಧಾರವಾಡದಾಗ ನನ್ನ ನಾಟಕ ನೋಡಿದ್ರು. 'ನನ್ನ ಪಾತ್ರ ದಿಲ್ಶಾದನ ಮಾಡಲಿ' ಅಂತ ಡೈರೆಕ್ಟರಿಗೆ ಚೀಟಿ ಬರದು ಕೊಟ್ರು. ಶೂಟಿಂಗಿನ ಹಿಂದಿನ ದಿನ ದವಾಖಾನಿಗೆ ಹೋಗಿದ್ದೆ. ಮಾತಾಡಾಕ ಬರತಿದ್ದಿಲ್ಲ ಅವರಿಗೆ. ಕನ್ನಡಕ ತಗದು ನನಗ ಹಾಕಿದ್ರು. ಸೆರಗ ಹಿಂಗ ಸಿಗಸು ಅಂತ ಕೈಲೇ ತೋರಿಸಿದ್ರು. ಆಮ್ಯಾಲೆ ಅತ್ರು. ನಾನೂ ಅತ್ತೆ. ಈಗ ಅವರಿಲ್ಲ, ಡೈರೆಕ್ಟರೂ ಇಲ್ಲ. ನಾ ಕಸಕೊಂಡಿಲ್ಲ ಅಂತ ಹೇಳವ್ರು ಯಾರದಾರ? ನಮ್ಮ ಓಣ್ಯಾಗ ಹುಡುಗರು ನಿಮ್ಮ ವಿಡಿಯೋ ತೋರಿಸಿ 'ಅಜ್ಜೀ, ನೀ ಕಳ್ಳಿ ಅಂತಲ್ಲ' ಅಂತಾವ."

ಮೃತ್ಯುಂಜಯ ಬಟ್ಟಲನ್ನು ತೆಗೆದುಕೊಳ್ಳಲಿಲ್ಲ. ವಿಡಿಯೋ ಮಾಡುವಾಗ ಆ ಮಾತು ಎಷ್ಟು ಸಲೀಸಾಗಿ ಬಾಯಿಂದ ಬಂದಿತ್ತು ಎಂಬುದು ಅವನಿಗೆ ಚೆನ್ನಾಗಿ ನೆನಪಿತ್ತು. ಬಂದ ಕೂಡಲೇ, ಇದು ಜನಕ್ಕೆ ಹಿಡಿಸುತ್ತದೆ ಎಂದು ಖುಷಿಯೂ ಆಗಿತ್ತು.

"ತಪ್ಪಾತು ಅಕ್ಕಾರ. ಈಗ ಅಳಸ್ತೇನಿ, ಇಲ್ಲೇ ನಿಮ್ಮ ಮುಂದ," ಎಂದು ಮೊಬೈಲ್ ತೆಗೆದ.

"ಅಳಸಬ್ಯಾಡ ತಮ್ಮಾ. ಅಳಸಿದ್ರ ನೋಡಿದವ್ರ ತಲ್ಯಾಗಿಂದು ಹೋಗೂದಿಲ್ಲ. ನಟನಾ ಛಲೋ ಇಲ್ಲ ಅಂದಿದ್ದು ನಿನ್ನ ಮಾತು, ಇರ್ಲಿ. ಕಸಕೊಂಡಾಳ ಅಂದಿದ್ದು ಸುಳ್ಳು ಅಂತ ಅದ ಬಾಯಿಲೇ ಹೇಳು." ಬಹುವಚನ ಯಾವಾಗ ಬಿಟ್ಟಳೋ ಅವಳಿಗೇ ತಿಳಿದಂತಿರಲಿಲ್ಲ, ಅವನಿಗೆ ಅದರಿಂದ ಎದೆ ಸ್ವಲ್ಪ ಹಗುರಾಯಿತು.

ಸಾಯಿಮಾ ಬಟ್ಟಲನ್ನು ಅವನ ಕೈಗಿಟ್ಟಳು. "ಫುಪ್ಪು, ಆ ಹಪ್ಪಳದ್ದು ಮಾಡಿ ತೋರಿಸು. ನಮಗ ಮಾಡ್ತೀಯಲ್ಲ, ಹಂಗ."

"ನಡಿ, ಹುಚ್ಚಿ."

"ಮಾಡ್ರಿ ಅಕ್ಕಾರ," ಎಂದ ಮೃತ್ಯುಂಜಯ. ಕೇಳುವ ಯೋಗ್ಯತೆ ತನಗಿಲ್ಲ ಎಂದು ಗೊತ್ತಿದ್ದೂ ಕೇಳದೆ ಇರಲಾಗಲಿಲ್ಲ.

ದಿಲ್ಶಾದ ಗೋಡೆ ಹಿಡಿದು ಎದ್ದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಅಂಗಳದ ಕಡೆ ಒಂದು ಹೆಜ್ಜೆ ಇಟ್ಟು, ನೀರಿನಲ್ಲಿ ಕಾಲಿಟ್ಟವಳಂತೆ ಹಿಂದಕ್ಕೆ ತೆಗೆದು, ಪಾದವನ್ನು ನೋಡಿಕೊಂಡಳು. ಇನ್ನೂ ಒಂದು ಮಾತೂ ಆಡಿರಲಿಲ್ಲ. ಆಮೇಲೆ ಬಗ್ಗಿ, ಇಲ್ಲದ ಹಪ್ಪಳವೊಂದನ್ನು ಎರಡು ಬೆರಳಲ್ಲಿ ಎತ್ತಿದಳು. ಅದು ನೆನೆದು ಜೋತುಬಿದ್ದದ್ದು ಅವನಿಗೆ ಕಂಡಿತು.

"ಯಪ್ಪಾ ಬಾಡಿಗ್ಯಾಂವಾ," ಎಂದಳು ಹಪ್ಪಳಕ್ಕೇ ಹೇಳುವಂತೆ, ಮೆಲ್ಲಗೆ, "ನೂರಾ ಎಂಟ ಹಪ್ಪಳ ಈಸಾಕ ಕಲತಾವೋ. ಇನ್ನ ನಿನಗಷ್ಟ ಕಲಸೂದು ಬಾಕಿ ಐತಿ. ಬಾ ಮ್ಯಾಲ."

ಮೃತ್ಯುಂಜಯ ನಕ್ಕ. ಚಹ ಅಂಗಿಯ ಮೇಲೆ ಚೆಲ್ಲಿತು. ದಿಲ್ಶಾದ ನಿಲ್ಲಲಿಲ್ಲ, ಕೆಳಮನೆಯವನ ಹೆಂಡತಿಯಾದಳು, ನೀರು ಬಿಡುವವನಾದಳು, ಮತ್ತೆ ತುಂಗಕ್ಕನಾದಳು. ಅವನು ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿದ. ವನಮಾಲಾಳಿಗೆ ಈಕೆ ಕಡಿಮೆಯೇನಲ್ಲ ಎನ್ನುವುದು ನಗುವಿನ ನಡುವೆಯೇ ಹೊಳೆದು ಚುಚ್ಚಿತು. ಕೈ ತಾನಾಗಿ ಮೊಬೈಲಿಗೆ ಹೋಯಿತು.

"ಬ್ಯಾಡ," ಎಂದಳು ದಿಲ್ಶಾದ, ಆಟದಿಂದ ಹೊರಗೆ ಬಂದು. "ಇದು ಮನಿಯೊಳಗಿಂದು."

ಊಟ ಮಾಡಿಸದೆ ಅವರು ಅವನನ್ನು ಬಿಡಲಿಲ್ಲ. ಬರುವಾಗ ಸಾಯಿಮಾ ದಾರಿಯಲ್ಲಿ ತಿನ್ನಲೆಂದು ಒಂದು ಪೊಟ್ಟಣ ಸವಣೂರ ಖಾರಾ ಕಟ್ಟಿಕೊಟ್ಟಳು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಅವನು ಹೊಸ ವಿಡಿಯೋದ ಮಾತು ಜೋಡಿಸುತ್ತ ಹೋದ. 'ನನಗೆ ತಪ್ಪು ಮಾಹಿತಿ ಸಿಕ್ಕಿತ್ತು' ಎಂದು ಶುರುಮಾಡೋಣ ಅಂದುಕೊಂಡ. ಹಾನಗಲ್ ಬರುವಷ್ಟರಲ್ಲಿ ಅದೂ ಸುಳ್ಳು ಅನಿಸಿ ಕೈಬಿಟ್ಟ.

ಸೋಮವಾರ ಮಧ್ಯಾಹ್ನ ಕಚೇರಿಯವರು ಊಟಕ್ಕೆ ಹೋದಾಗ ಶಟರ್ ಇಳಿಸಿ ಕೂತ. "ರೇಖಾಶ್ರೀ ಅವರು ವನಮಾಲಾ ಅವರ ಪಾತ್ರ ಕಸಕೊಂಡ್ರು ಅಂತ ಹೇಳಿದ್ದೆ. ಅದು ಸುಳ್ಳು. ಯಾರೂ ನನಗ ಹೇಳಿದ್ದಿಲ್ಲ. ನಾನ ಕಟ್ಟಿ ಹೇಳಿದ್ದೆ," ಎಂದ. ಚೀಟಿಯ ವಿಷಯ, ದವಾಖಾನೆಯ ವಿಷಯ, ಕ್ಯಾಮೆರಾದ ಪಕ್ಕ ನಿಂತವನ ವಿಷಯ, ಎಲ್ಲವನ್ನೂ ಅವಳು ಹೇಳಿದಂತೆಯೇ ಹೇಳಿದ. ಹಳೆಯ ವಿಡಿಯೋದ ತಲೆಯ ಮೇಲೂ ಅದನ್ನೇ ಬರೆದು ಹಾಕಿದ.

ಬುಧವಾರದವರೆಗೆ ನೋಡಿದವರು ಒಂಬೈನೂರು ಜನ. 'ಯಾರಿಗೆ ಹೆದರಿ ಮಾತು ತಿರುಗಿಸಿದಿ ಅಣ್ಣಾ?' ಎಂದು ಹಳೆಯ ಅಭಿಮಾನಿಗಳು ಬರೆದಿದ್ದರು. ಇನ್ನೂರು ಮಂದಿ ಚಾನೆಲ್ ಬಿಟ್ಟುಹೋಗಿದ್ದರು. ಸುಳ್ಳು ಮೂವತ್ತೊಂದು ಸಾವಿರ ಕಡೆ ಹೋಗಿತ್ತು, ನಿಜ ಒಂಬೈನೂರಕ್ಕೇ ಏದುಸಿರು ಬಿಡುತ್ತಿತ್ತು. ಅವನಿಗೆ ಮತ್ತೆ ಕೂರಲಾಗಲಿಲ್ಲ. ಗಿರಾಕಿಗಳ ನಡುವೆಯೇ ಒಂದೊಂದು ಪ್ರತಿಕ್ರಿಯೆಗೂ ಉತ್ತರ ಬರೆದ. 'ಯಾರಿಗೂ ಹೆದರಿಲ್ಲ, ಸುಳ್ಳು ಹೇಳಿದ್ದೆ' ಎಂದು ಅರವತ್ತು ಸಲ ಬರೆದಿರಬೇಕು.

ಗುರುವಾರ ಸಂಜೆ ಅಂಗಡಿಗೆ ಬಂದ ನೇತ್ರಾಳ ಕೈಯಲ್ಲಿ ಅವನ ಮೊಬೈಲಿತ್ತು. ಬೆಳಿಗ್ಗೆ ಮನೆಯಲ್ಲೇ ಮರೆತು ಬಂದಿದ್ದ. "ಸವಣೂರಿಂದ ಏನೋ ದನಿ ಕಳಿಸ್ಯಾರ ನೋಡ್ರಿ," ಎಂದಳು.

ದಿಲ್ಶಾದಳ ದನಿ. "ತಮ್ಮಾ, ನೋಡಿದೆ. ಓಣಿ ಹುಡುಗರನ್ನೂ ಕುಂದರಿಸಿ ತೋರಿಸೇನಿ. ಮಾತು ಖರೇ ಐತಿ. ಆದ್ರ ನೀ ಕ್ಯಾಮೆರಾ ಮುಂದ ಭಾಳ ಬಿಗೀತಿ. ಕೈ ಎಲ್ಲಿಡಬೇಕು ತಿಳೀದ ಹೊಟ್ಟಿ ಮ್ಯಾಲೆ ಇಟಗೊಂಡಿ, ಬ್ಯಾನಿ ಬಂದಂಗ ಕಾಣತೈತಿ. ಮುಂದಿನ ವಿಡಿಯೋ ಮಾಡೂ ಮುಂಚೆ ಒಮ್ಮೆ ಬಂದು ಹೋಗು."

ನೇತ್ರಾ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಮೃತ್ಯುಂಜಯ ಮೊದಲು ಮುಖ ಗಂಟು ಹಾಕಿದ. ಆಮೇಲೆ ಸೋಮವಾರದ ವಿಡಿಯೋ ತೆಗೆದು, ದನಿ ಪೂರಾ ತಗ್ಗಿಸಿ, ತನ್ನ ಕೈಗಳನ್ನಷ್ಟೇ ನೋಡಿದ. ದಿಲ್ಶಾದ ಹೇಳಿದ್ದು ಸರಿಯಾಗಿತ್ತು.

"ಭಾನುವಾರ ಸವಣೂರಿಗೆ ಹೋಗ್ತೇನಿ," ಎಂದ.

"ನಾನೂ ಬರ್ತೇನಿ," ಎಂದಳು ನೇತ್ರಾ.